ತಾತನ ಎಸ್

ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗಳ ಪಕ್ಕದ ಮನೆಯಲ್ಲಿ ಒಬ್ಬ ಇಟಾಲಿಯನ್ ಮುದುಕ ಇದ್ದಾನೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಾಫಿ ಕುಡಿಯುತ್ತಾ ಪೇಪರ್ ಓದಿಕೊಂಡಿದ್ದ ನನ್ನ ನೆಮ್ಮದಿ ಹಾಳಾದದ್ದು ಆತನಿಂದ.

ಇಟಾಲಿಯನ್ ಅಂದರೂ ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ನಿವೃತ್ತಿಯಾದ ಮೇಲೆ ಜನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಈತ ಮುತ್ತಾತನನ್ನು ಹುಡುಕಲು ಹೊರಟ. ಹುಡುಕಿಯೂ ಬಿಟ್ಟ! ಇಟಲಿ ಒಂದು ದೇಶವಾದ ಮೇಲೆ, 1866ರಿಂದ, ಅಲ್ಲಿ ಹೆಚ್ಚುಕಡಿಮೆ ಊರೂರಲ್ಲೂ ಹುಟ್ಟು, ಮದುವೆ, ಸಾವು ಮೂರನ್ನೂ ಬರೆದಿಟ್ಟಿದ್ದಾರೆ. ಅದಕ್ಕೂ ಹಿಂದಿನದು ಬೇಕಾದರೆ ಇಗರ್ಜಿಯ ಪುಸ್ತಕಗಳಿವೆ. ಮುತ್ತಾತ ಹಡಗು ಹತ್ತುವಾಗ ಬರೆಸಿದ ಹೆಸರು, ವಯಸ್ಸು, ಕಸುಬು, ಕೊನೆಗೆ ಜೇಬಿನಲ್ಲಿ ಎಷ್ಟು ದುಡ್ಡಿತ್ತು ಅನ್ನುವುದೂ ಎಲ್ಲಿಸ್ ದ್ವೀಪದ ದಾಖಲೆಯಲ್ಲಿ ಸಿಕ್ಕಿತಂತೆ. ನಿನ್ನೆ ನನ್ನ ಜೇಬಿನಲ್ಲಿ ಎಷ್ಟಿತ್ತು ಅನ್ನುವುದೇ ನನಗೆ ನೆನಪಿಲ್ಲ.

ಇಷ್ಟೆಲ್ಲ ಆತ ಮಾಡಿದ್ದು ಇಟಲಿಯ ಪಾಸ್‌ಪೋರ್ಟಿನ ಆಸೆಗೆ. ಕಾಗದವೆಲ್ಲ ಕೈಗೆ ಬರುವ ಹೊತ್ತಿಗೆ, 2025ರಲ್ಲಿ, ಅಲ್ಲಿನ ಸರ್ಕಾರ ಕಾನೂನು ಬದಲಾಯಿಸಿತು: ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಲೆಕ್ಕ ಮಾತ್ರ ನಡೆಯುತ್ತದೆ, ಮುತ್ತಾತ ಸಾಲದು ಅಂತ. ಪಾಸ್‌ಪೋರ್ಟ್ ಹೋಯಿತು, ಮುತ್ತಾತ ಉಳಿದ. ಆ ಉಳಿದ ಮುತ್ತಾತನನ್ನು ಆತ ಬೇಲಿಯಾಚೆಯಿಂದ ನಮ್ಮ ಹುಡುಗಿಗೆ ತೋರಿಸಿದ.

ರಾತ್ರಿ ಫೋನು. “ದೊಡ್ಡಪ್ಪ, ಮಗನಿಗೆ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಬರೆಯೋಕೆ ಹೇಳಿದಾರೆ. ಪಕ್ಕದ ಮನೆಯವರದು ಏಳು ತಲೆಮಾರಿದೆ. ನಮ್ಮದು ತಾತಂಗೇ ನಿಂತುಹೋಗಿದೆ. ಅದಿರಲಿ, ನಮ್ಮ ಹೆಸರಿನ ಮುಂದಿನ ಎಸ್ ಅಂದರೆ ಏನು?”

ಪ್ರಶ್ನೆ ನ್ಯಾಯವಾದದ್ದೇ. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಈ ಎಸ್ ಹೊತ್ತುಕೊಂಡೇ ತಿರುಗುತ್ತಿದ್ದೇವೆ. ತಮ್ಮನಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಇದನ್ನು ಬಿಡಿಸಿ ಬರೆಯಬೇಕಾಗಿ ಬಂತು. ಅವನು ಹಿಂದೆ ಮುಂದೆ ನೋಡದೆ ‘ಶಿಮೋಗ’ ಅಂತ ಬರೆದ. ಹೀಗೆ ನಮ್ಮ ವಂಶದ ಒಂದು ಕವಲು ಶಿಮೋಗ ಮನೆತನವಾಗಿ ಅಮೆರಿಕ ಸೇರಿತು. 2014ರ ರಾಜ್ಯೋತ್ಸವದ ದಿನ ಊರು ಇಂಗ್ಲಿಷಿನಲ್ಲೂ ಶಿವಮೊಗ್ಗವಾಯಿತು. ಇನ್ನು ನೂರು ವರ್ಷಕ್ಕೆ ಆ ಕವಲಿನ ಯಾರಾದರೂ ತಮ್ಮ ಮೂಲ ಹುಡುಕಿಕೊಂಡು ಬಂದರೆ ಆ ಹೆಸರಿನ ಊರೇ ಅವರಿಗೆ ಸಿಗುವುದಿಲ್ಲ.

ಅಟ್ಟದಿಂದ ಅಪ್ಪನ ಟ್ರಂಕ್ ಇಳಿಸಿದೆ. ಎಲ್‌ಐಸಿ ರಸೀದಿ, ಮಾಸಿದ ರೇಷನ್ ಕಾರ್ಡು, ಯಾರದೋ ಮದುವೆಯ ಮುಯ್ಯಿ ಪಟ್ಟಿ. ತಾತ ಮೂರು ಕಾಗದಗಳಲ್ಲಿ ಸಿಕ್ಕಿದರು. ಒಂದರಲ್ಲಿ ರಂಗಸ್ವಾಮಿ, ಇನ್ನೊಂದರಲ್ಲಿ ರಂಗಯ್ಯ, ಮತ್ತೊಂದರಲ್ಲಿ ರಂಗಪ್ಪ. ಮೂರರಲ್ಲೂ ವಯಸ್ಸು ಬೇರೆ ಬೇರೆ. ರಂಗಪ್ಪನವರ ಲೆಕ್ಕ ಹಿಡಿದರೆ ತಾತ ಒಂಬತ್ತನೆಯ ವಯಸ್ಸಿಗೇ ದೊಡ್ಡ ಮಗನ ತಂದೆ. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರೂ ಹುಟ್ಟಿದ್ದು ಜೂನ್ 1ರಂದು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರುಗಳ ಕೃಪೆ. ಇನ್ನು ಅಜ್ಜಿ. ಇಟಲಿಯ ಹೆಂಗಸರು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರಿನಲ್ಲೇ ಇರುತ್ತಾರಂತೆ. ನಮ್ಮಜ್ಜಿ ಇದ್ದದ್ದು ಒಂದು ನೀಲಿ ಹೆಬ್ಬೆಟ್ಟಾಗಿ. ಪಕ್ಕದಲ್ಲಿ ‘ರಂಗಯ್ಯನ ಹೆಂಡತಿ’ ಎಂದಷ್ಟೇ ಬರೆದಿತ್ತು.

ಟ್ರಂಕಿನ ಧೂಳಿಗೆ ನಾನು ಸೀನುತ್ತಿದ್ದರೆ ಹೆಂಡತಿ ಬಾಗಿಲಿಗೊರಗಿ ನಿಂತು ನೋಡುತ್ತಿದ್ದಳು. ಅವಳ ತವರು ಶಿಕಾರಿಪುರದ ಕಡೆ. ಅಲ್ಲಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬಂದು, ಜಗುಲಿಯಲ್ಲಿ ಕೂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. “ನಮ್ಮದು ಹನ್ನೆರಡು ತಲೆ ಹೇಳ್ತಾರೆ. ನಿಮ್ಮದು?” ಎಂದಳು. ಮದುವೆಯಾದ ಇಷ್ಟು ವರ್ಷಕ್ಕೆ ಅವಳ ತವರಿನ ಮೇಲೆ ನನಗೆ ಹೊಟ್ಟೆಕಿಚ್ಚಾದದ್ದು ಇದೇ ಮೊದಲು.

ಇಟಲಿಯವರ ಈ ಬರೆದಿಡುವ ಚಟ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಸಾಗರದ ಪಕ್ಕದ ಇಕ್ಕೇರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ದರ್ಬಾರು, ಬೀದಿ, ಬಟ್ಟೆ, ಊಟ ಯಾವುದನ್ನೂ ಬಿಡದೆ ನೇಪಲ್ಸಿನ ಗೆಳೆಯನಿಗೆ ಕಾಗದ ಬರೆದ. ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಹತ್ತಿರ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆದು, ರಾಗವಾಗಿ ಹೇಳಿಕೊಂಡು ಮಗ್ಗಿ ಕಲಿಯುತ್ತಿದ್ದುದನ್ನು ಕಂಡು ಬೆರಗಾದ. ಮರಳು ತುಂಬಿತೋ, ಅಳಿಸಿ ಮತ್ತೆ ಬರೆಯುವುದು. ನನಗೆ ಅಲ್ಲೇ ಉತ್ತರ ಸಿಕ್ಕಿಬಿಟ್ಟಿತು. ಅವನು ಕಾಗದದ ಮೇಲೆ ಬರೆದ, ನಾವು ಮರಳಿನ ಮೇಲೆ. ಆ ಮನುಷ್ಯನ ಜತನವಾದರೂ ಎಂಥದ್ದು! ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನೇ ಕೆಡದಂತೆ ಪೆಟ್ಟಿಗೆಯಲ್ಲಿಟ್ಟು, ಇಂಡಿಯಾ ಸುತ್ತಿ, ರೋಮಿಗೆ ಒಯ್ದು ಮಣ್ಣು ಮಾಡಿದ. ನಾವು ಅಜ್ಜಿಯ ಹೆಸರನ್ನೂ ಇಟ್ಟುಕೊಳ್ಳಲಿಲ್ಲ.

ಕೊನೆಗೆ ಉಳಿದದ್ದು ಭದ್ರಾವತಿಯ ಅತ್ತೆ. ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಚುರುಕು. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಆ ಊರಿನ ಹಳೆಯ ಹೆಸರು ಬೆಂಕಿಪುರ. ಬೆಂಕಿಪುರ ಅಂತ ಹೆಸರಿರುವ ಕಡೆಗೇ ಕುಲುಮೆ ತಂದಿಟ್ಟರಲ್ಲ ಅಂತ ನನಗೆ ಯಾವಾಗಲೂ ನಗು. 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಶುರುಮಾಡಿತು, 1923ಕ್ಕೆ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಜನ ಮಾತ್ರ ಎಲ್ಲೆಲ್ಲಿಂದಲೋ ಬಂದರು: ತಮಿಳರು, ತೆಲುಗರು, ಮಲೆಯಾಳಿಗಳು. ಅವರಲ್ಲಿ ನಮ್ಮ ತಾತನೂ ಒಬ್ಬರು.

ಎಸ್ ಅಂದರೆ ಶ್ರೀರಂಗಂ ಅಂತ ಅಪ್ಪ ಹೇಳುತ್ತಿದ್ದರು. ಅವರಿಗೆ ದೊಡ್ಡ ಊರೇ ಬೇಕು. ಚಿಕ್ಕಪ್ಪ ಸೇಲಂ ಅನ್ನುತ್ತಿದ್ದರು. ಅವರಿಗೆ ಮಾವಿನಹಣ್ಣು ಇಷ್ಟ. ಅತ್ತೆ ಎರಡನ್ನೂ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು.

“ಶ್ರೀರಂಗಾನೂ ಅಲ್ಲ, ಸೇಲಮ್ಮೂ ಅಲ್ಲ ಕಣೋ. ಕಾರ್ಖಾನೇಲಿ ಮೂರು ಜನ ರಂಗಸ್ವಾಮಿ ಇದ್ರು. ಒಬ್ಬರು ಕುಲುಮೆ ರಂಗಸ್ವಾಮಿ, ಒಬ್ಬರು ಲೋಕೋ ರಂಗಸ್ವಾಮಿ, ನಮ್ಮಪ್ಪ ಸ್ಟೋರ್ಸ್ ರಂಗಸ್ವಾಮಿ. ನಿಮ್ಮಪ್ಪನ್ನ ಸ್ಕೂಲಿಗೆ ಸೇರಿಸೋವಾಗ ಇನಿಷಿಯಲ್ ಏನು ಅಂತ ಕೇಳಿದ್ರಂತೆ. ಜನ ಏನಂತ ಕರೀತಿದ್ರೋ ಅದನ್ನೇ ಅಪ್ಪ ಹೇಳಿಬಂದ್ರು.”

ನಾನು ಸ್ವಲ್ಪ ಹೊತ್ತು ಚಕ್ಕುಲಿ ಕಡಿಯುವುದನ್ನೇ ಮರೆತೆ. ಹೆಸರಿನ ಮುಂದೆ ಇಷ್ಟು ದಿನ ನಾನು ಇಟ್ಟುಕೊಂಡಿದ್ದದ್ದು ಒಂದು ಉಗ್ರಾಣ!

“ಹೋಗಲಿ ಅತ್ತೆ, ತಾತ ಎಲ್ಲಿಂದ ಬಂದ್ರು?”

“ರೈಲಲ್ಲಿ ಬಂದ್ರು.”

“ಎಲ್ಲಿಂದ?” ಎಂದು ಕಿವಿಯ ಹತ್ತಿರ ಹೋಗಿ ಕೂಗಿದೆ.

“ಬೀರೂರಿಂದ. ಅಲ್ಲೇ ಅಲ್ವೇನೋ ಗಾಡಿ ಬದಲಾಯಿಸೋದು?”

“ಬೀರೂರಿಗೆ ಎಲ್ಲಿಂದ?”

ಅತ್ತೆಗೆ ರೇಗಿತು. “ಅದು ನನಗೇನೋ ಗೊತ್ತು? ನಾನು ಆಗ ಹುಟ್ಟಿದ್ನಾ?”

ಸಿಕ್ಕಿದ್ದನ್ನು ಸಿಕ್ಕಿದ ಹಾಗೇ ಹುಡುಗಿಗೆ ಹೇಳಿದೆ. ಭದ್ರಾವತಿಯಿಂದ ಹೊರಡುವ ಮುಂಚೆ ಅತ್ತೆಯಿಂದ ಅಜ್ಜಿಯ ಹೆಸರನ್ನೂ ಕೇಳಿ ಬರೆದುಕೊಂಡಿದ್ದೆ, ಮುನಿಯಮ್ಮ. ವಾರ ಕಳೆದ ಮೇಲೆ ವಾಟ್ಸ್ಯಾಪಿನಲ್ಲಿ ಚಾರ್ಟಿನ ಫೋಟೋ ಬಂತು. ಬಣ್ಣ ಬಣ್ಣದ ಮರ, ತುತ್ತತುದಿಯ ಕೊಂಬೆಯಲ್ಲಿ ಸ್ಟೋರ್ಸ್ ರಂಗಸ್ವಾಮಿ ಮತ್ತು ಮುನಿಯಮ್ಮ, ಮೂಲಸ್ಥಾನ ಬೀರೂರು ಜಂಕ್ಷನ್. ಹಿಂದೆಯೇ ಫೋನೂ ಬಂತು.

“ಪಕ್ಕದ ಮನೆಯವರು ತುಂಬ ಹೊತ್ತು ನೋಡಿದ್ರು ದೊಡ್ಡಪ್ಪ. ಬೀರೂರು ದೊಡ್ಡ ಬಂದರಾ ಅಂತ ಕೇಳಿದ್ರು.”

“ನೀನೇನಂದೆ?”

“ಹೌದು ಅಂದುಬಿಟ್ಟೆ.”