ಮುಯ್ಯಿಗೆ ಬಂದದ್ದು ಮಾರಾಟಕ್ಕೆ

ಹೊರನಾಡಿನ ಕನ್ನಡಿಗರು ಬಟ್ಟೆ ಕೊಳ್ಳುವುದು ಕಡಿಮೆ. ಬಟ್ಟೆ ತಾನಾಗಿ ಬರುತ್ತದೆ. ಊರಿಗೆ ಹೋಗುವಾಗ 23 ಕೆಜಿಯ ಪೆಟ್ಟಿಗೆಗಳಲ್ಲಿ ಚಾಕೊಲೇಟು, ಸೆಂಟು, ಭಾವಮೈದುನ ಹೇಳಿಕಳಿಸಿದ ಶೂ ಹೋಗುತ್ತವೆ. ಬರುವಾಗ ಅವೇ ಪೆಟ್ಟಿಗೆಗಳಲ್ಲಿ ಚಟ್ನಿಪುಡಿ, ಹುಳಿಪುಡಿ ತುಂಬಿ, ಉಳಿದ ಸಂದುಗೊಂದಿಗೆಲ್ಲ ಬಟ್ಟೆ ತುರುಕಿರುತ್ತದೆ. ಗೃಹಪ್ರವೇಶದ ಸೀರೆ, ಅಳತೆ ಕೇಳದೆ ಹೊಲಿಸಿದ ಜುಬ್ಬ, ಹೊಲಿಸುವ ದರ್ಜಿಯೇ ಇಲ್ಲದ ದೇಶಕ್ಕೆ ಪ್ಯಾಂಟ್ ಪೀಸು. ಬೇಡ ಅನ್ನುವಂತಿಲ್ಲ. ಕೊಟ್ಟವರ ಮುಂದೆ ತೂಕದ ಮಾತೆತ್ತಿದರೆ, ಚಟ್ನಿಪುಡಿ ತೆಗೆದಿಡು ಅನ್ನುತ್ತಾರೆ.

ಇಷ್ಟರ ಜೊತೆಗೆ ರವಿಕೆ ಕಣಗಳು. ಅವನ್ನು ಹೊಲಿಸಿದವರನ್ನು ನಾನು ಕಂಡಿಲ್ಲ. ಅರಿಶಿನ ಕುಂಕುಮಕ್ಕೆ ಹೋದವರಿಗೆ ಕೊಡುತ್ತಾರೆ, ಅವರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಗೌರಿ ಹಬ್ಬದಲ್ಲಿ ನಮ್ಮ ಮನೆಯಿಂದ ಹೊರಟ ಗಿಳಿಹಸಿರು ಕಣವೊಂದು ಇಂಗ್ಲೆಂಡಿನ ಸ್ಲೌ, ಹ್ಯಾರೋ, ಬೇಸಿಂಗ್‌ಸ್ಟೋಕ್ ಎಲ್ಲ ಸುತ್ತಿ ಮರುವರ್ಷದ ವರಮಹಾಲಕ್ಷ್ಮಿಗೆ ನಮ್ಮ ಮನೆಗೇ ವಾಪಸು ಬಂತು. ಮಡಿಕೆಯೂ ಮುರಿದಿರಲಿಲ್ಲ.

ರೆಡಿಂಗ್ ಊರಿನ ನಮ್ಮ ಮನೆಯ ಬೀರು ಮುಚ್ಚದಂತಾದಾಗ ನನ್ನ ಹೆಂಡತಿ ಆನ್‌ಲೈನಿನಲ್ಲಿ ಮಾರುವ ತೀರ್ಮಾನ ಮಾಡಿದಳು. ಇಂಥದೇ ಕಷ್ಟ 2008ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಮಿಲ್ಡಾ ಮಿಟ್ಕುಟೆ ಎಂಬಾಕೆಗೂ ಬಂದಿತ್ತು. ಮನೆ ಬದಲಾಯಿಸುವಾಗ ನೋಡಿದರೆ ಬೇಡದ ಬಟ್ಟೆ ರಾಶಿ. ಪರಿಚಯದ ಯುಸ್ಟಾಸ್ ಯನೌಸ್ಕಸ್ ಅದಕ್ಕೊಂದು ವೆಬ್‌ಸೈಟು ಕಟ್ಟಿಕೊಟ್ಟ. ಅದೇ ಇವತ್ತಿನ ವಿಂಟೆಡ್ ಆಪು, ನಾವು ಮಾರಲು ಹೊರಟದ್ದೂ ಅದರಲ್ಲೇ. ಆಕೆ ಅಷ್ಟು ಧೈರ್ಯವಾಗಿ ಮಾರಿದ್ದು ನೋಡಿದರೆ, ಆ ಬಟ್ಟೆಗಳನ್ನು ಕೊಟ್ಟವರು ಚಿಕ್ಕಮ್ಮ, ದೊಡ್ಡಮ್ಮಂದಿರಲ್ಲ ಎಂಬುದಂತೂ ಖಾತ್ರಿ.

ಆಗ ಮೈಸೂರಿಂದ ಅಮ್ಮ ಬಂದಿದ್ದರು. ಸಂದರ್ಶಕರ ವೀಸಾ, 6 ತಿಂಗಳು. ವಿಷಯ ಕೇಳಿ ಅವರು ಎತ್ತಿದ ಮೊದಲ ಪ್ರಶ್ನೆ, "ಇಲ್ಲಿ ಏನು ಪಾತ್ರೆ ಕೊಡ್ತಾರೆ?"

ಅಮ್ಮನ ಅನುಭವದಲ್ಲಿ ಹಳೇ ಬಟ್ಟೆಗೆ ಸಿಗುವುದು ಸ್ಟೀಲ್ ಪಾತ್ರೆ. ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ಅಪ್ಪನ ಎರಡು ಪ್ಯಾಂಟಿಗೆ ಮುಚ್ಚಳವಿರುವ ಡಬ್ಬಿಯನ್ನೇ ಗಿಟ್ಟಿಸಿದವರು. ಇಲ್ಲಿ ಬರೀ ದುಡ್ಡು, ಅದೂ 4 ಪೌಂಡು ಎಂದಾಗ ಅವರಿಗೆ ಉತ್ಸಾಹ ಹೋಯಿತು. ಚೌಕಾಶಿಗೆ ಅವಕಾಶ ಉಂಟು ಎಂದಾಗ ಮರಳಿ ಬಂತು.

ಮಾರುವುದು ಫೋಟೋದಿಂದ ಶುರು. ಇಂಗ್ಲೆಂಡಿನ ನವೆಂಬರಿನಲ್ಲಿ ಸಂಜೆ 4ಕ್ಕೆಲ್ಲ ಕತ್ತಲು. ಸೂರ್ಯ ಮುಖ ತೋರಿಸಿದ ಗಳಿಗೆಯಲ್ಲಿ ಜಮಖಾನೆ ಹಾಸಿ, ಸೀರೆ ಹರಡಿ, ಮಕ್ಕಳನ್ನು ಆಚೆಗಟ್ಟಿ ಕ್ಲಿಕ್ಕಿಸಬೇಕು. ಆಮೇಲೆ ಸೈಜು. ಐದೂವರೆ ಮೀಟರಿನ ಸೀರೆಗೆ ಸೈಜು ಎಂಟೋ, ಹದಿನಾಲ್ಕೋ? ಸೀರೆ ಹೇಗೋ ಪಾರಾಯಿತು, ರವಿಕೆ ಸಿಕ್ಕಿಕೊಂಡಿತು. "ಒಳಗೆ ಎರಡಿಂಚು ಬಟ್ಟೆ ಬಿಟ್ಟಿದೆ, ಬಿಚ್ಚಿಕೊಂಡರೆ ಯಾರಿಗೆ ಬೇಕಾದರೂ ಆಗುತ್ತೆ ಅಂತ ಬರಿ" ಎಂದರು ಅಮ್ಮ. ಬಿಚ್ಚಿಕೊಂಡು ಹಾಕಿಕೊಳ್ಳುವ ರವಿಕೆ ಎಂದು ಇಂಗ್ಲಿಷಿನಲ್ಲಿ ಬರೆಯುವ ಧೈರ್ಯ ನನಗಾಗಲಿಲ್ಲ.

ಈ ದೇಶದಲ್ಲಿ ಬಟ್ಟೆ ಮಾರುವವರು ತಪ್ಪದೆ ಬರೆಯುವ ಒಂದು ಸಾಲಿದೆ: ನಮ್ಮ ಮನೆಯಲ್ಲಿ ಸಿಗರೇಟಿಲ್ಲ, ನಾಯಿ ಬೆಕ್ಕಿಲ್ಲ. ನಾವೂ ಹೆಮ್ಮೆಯಿಂದ ಬರೆದೆವು. ಒಗ್ಗರಣೆಯ ಮಾತನ್ನು ಯಾರೂ ಕೇಳುವುದಿಲ್ಲವಲ್ಲ! ಕಿಟಕಿ ತೆರೆಯದ ಚಳಿಗಾಲದಲ್ಲಿ ಸಾಸಿವೆ ಸಿಡಿದು ಇಂಗು ಬಿದ್ದರೆ ಮೂರು ಕೋಣೆ ಆಚೆಯ ಉಣ್ಣೆ ಕೋಟಿಗೂ ಆ ಸುದ್ದಿ ತಲುಪುತ್ತದೆ. ಅದಕ್ಕೇ ಕೋಟು ಮಾರುವ ವಾರ ನಮ್ಮ ಮನೆಯಲ್ಲಿ ಬರೀ ಮೊಸರನ್ನ, ಅದೂ ಒಗ್ಗರಣೆ ಇಲ್ಲದ್ದು.

ಇನ್ನು ಬಟ್ಟೆಯ ಸ್ಥಿತಿ. ಲೇಬಲ್ ಸಮೇತ ಹೊಸದು, ಲೇಬಲ್ ಇಲ್ಲದ ಹೊಸದು, ಬಲು ಚೆನ್ನ, ಚೆನ್ನ, ಪರವಾಗಿಲ್ಲ ಎಂದು ಐದು ದರ್ಜೆ. ನಮ್ಮ ಮಗನ ಪುಟ್ಟ ಶರ್ಟೊಂದು ಲೇಬಲ್ ಕಿತ್ತಿರದ ಹೊಸದು. ಮೂರನೇ ಹುಟ್ಟುಹಬ್ಬಕ್ಕೆ ಬಂದಾಗಲೇ ಅವನು ಅದನ್ನು ಮೀರಿ ಬೆಳೆದಿದ್ದ. ಲೀಡ್ಸ್‌ನ ಹೆಂಗಸೊಬ್ಬರು ಕೊಂಡರು. ತಲುಪಿದ ಎರಡು ದಿನದೊಳಗೆ ತಕರಾರು ಹೇಳಬಹುದು ಎಂಬುದು ನಿಯಮ. ಹೇಳಿದರು: ಹೊಸದು ಅಂದಿರಿ, ಕಾಲರಿನ ಮೂಲೆಯಲ್ಲಿ ಹಳದಿ ಕಲೆ ಇದೆ.

ಅದು ಅಮ್ಮ ಹಚ್ಚಿದ ಅರಿಶಿನ. ನಮ್ಮಲ್ಲಿ ಬಟ್ಟೆ ಹೊಸದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಕೊಡುವುದುಂಟೇ? ಇದನ್ನೆಲ್ಲ ವಿವರಿಸಿ ಬರೆದೆ. ಆಕೆ ಒಳ್ಳೆಯವರು. ದೂರು ಹಿಂದೆಗೆದುಕೊಂಡು, ಆಶೀರ್ವಾದ ಮಾಡಿದ ಅಂಗಿ ಇದೇ ಮೊದಲು ಕೊಂಡದ್ದು ಎಂದು ಐದು ನಕ್ಷತ್ರ ಕೊಟ್ಟರು. ಅವತ್ತಿನಿಂದ ಅಮ್ಮ ಪಾರ್ಸೆಲಿಗೆ ಹೊರಟ ಪ್ರತಿ ಬಟ್ಟೆಯ ಹತ್ತಿರವೂ ಅರಿಶಿನದ ಬಟ್ಟಲು ಹಿಡಿದು ಸುಳಿಯತೊಡಗಿದರು. ನಾನು ಕೋಟುಗಳನ್ನು ಎತ್ತಿಕೊಂಡು ಓಡುವುದು ಕಲಿತೆ.

ಚೌಕಾಶಿ ಅಮ್ಮನ ಖಾತೆ. ಚಿಕ್ಕಪೇಟೆಯಲ್ಲಿ ಅರ್ಧ ಬೆಲೆಗೆ ಕೇಳಿ, ಎದ್ದು ಚಪ್ಪಲಿ ಮೆಟ್ಟಿ, ಅಂಗಡಿಯವನೇ "ಬನ್ನಿ ಅಮ್ಮಾ" ಅಂತ ಕರೆಯುವವರೆಗೆ ನಿಧಾನವಾಗಿ ನಡೆಯುವುದು ಅವರ ವಿದ್ಯೆ. ಈಗ ಗಲ್ಲಾಪೆಟ್ಟಿಗೆಯ ಆಚೆ ಬದಿಗೆ ಬಂದಿದ್ದರು. 12 ಪೌಂಡಿನ ಜಾಕೆಟ್ಟಿಗೆ ಒಬ್ಬಾಕೆ 8 ಕೊಡಲೇ ಎಂದಳು. "ಆಗಲ್ಲ ಅನ್ನು. ಇನ್ನೂ ಬೋಣಿ ಆಗಿಲ್ಲ ಅನ್ನು. ಅವಳೇ ತಿರುಗಿ ಬರ್ತಾಳೆ" ಎಂದು ಅಮ್ಮ ಹೇಳಿದರು. ಹಾಗೆಯೇ ಬರೆದೆ. ಆಕೆ ಸರಿ, ಪರವಾಗಿಲ್ಲ, ಒಳ್ಳೆಯದಾಗಲಿ ಎಂದು ಹೊರಟೇ ಹೋದಳು. "ಇದೇನೋ ಇವರು! ಒಂದು ಮಾತಿಗೇ ಹೋಗೋದಾ?" ಎಂದು ಅಮ್ಮ ಸಂಜೆಯೆಲ್ಲ ಫೋನಿನ ಪಕ್ಕ ಕೂತಿದ್ದರು.

ಹಳೇ ರೇಷ್ಮೆ ಸೀರೆಯೊಂದನ್ನು ಕೊಂಡಾಕೆ ಕಿಟಕಿ ಪರದೆಗೆಂದು ತಿಳಿಸಿದಾಗ ಅಮ್ಮನಿಗೆ ಎದೆ ಧಸಕ್ಕೆಂದಿತು. ಧಾರವಾಡದವಳಾದ ನನ್ನ ಹೆಂಡತಿಗೆ ಏನೂ ಅನ್ನಿಸಲಿಲ್ಲ. "ನಮ್ಮೂರಾಗ ಹಳೇ ಸೀರಿ ಕೌದಿ ಆಗ್ತಾವ, ಇವರ ಊರಾಗ ಪಡದಾ ಆಗ್ತಾವ. ಹೊದ್ಕೊಂಡ್ರೇನು, ಇಳಿಬಿಟ್ರೇನು ಬಿಡ್ರಿ ಅತ್ತಿ" ಅಂದಳು.

ಆಮೇಲೆ ಮೈಸೂರಿಂದ ಅಪ್ಪನ ಫೋನು. ನಿವೃತ್ತ ಬ್ಯಾಂಕ್ ನೌಕರರು, ತೆರಿಗೆ ಎಂದರೆ ನಿದ್ದೆಯಲ್ಲೂ ಎದ್ದು ಕೂರುವವರು. 2024ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಒಂದು ನಿಯಮ ಬಂದಿದೆ. ವರ್ಷಕ್ಕೆ 30 ಅಥವಾ ಹೆಚ್ಚು ವಸ್ತು ಮಾರಿದರೆ, ಇಲ್ಲವೇ ಸುಮಾರು 1,700 ಪೌಂಡು ದಾಟಿದರೆ, ಆಪಿನವರು ನಮ್ಮ ವಿವರವನ್ನು ತೆರಿಗೆ ಇಲಾಖೆಗೆ ಒಪ್ಪಿಸಬೇಕು. ಹಾಗೆಂದು ತೆರಿಗೆ ಬಿತ್ತು ಎಂದಲ್ಲ. ತೊಟ್ಟು ಬಿಟ್ಟ ಸ್ವಂತ ಬಟ್ಟೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ತೆರಿಗೆಯೇ ಇಲ್ಲ. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಪ್ಪ ಕೊಕ್ಕೆ ಹಾಕಿದರು.

"ಕೊಂಡ ಬೆಲೆ ಎಷ್ಟು ಅಂತ ತೋರಿಸ್ತೀಯ? ನೀವೆಲ್ಲಿ ಕೊಂಡಿದ್ದೀರಿ? ಎಲ್ಲ ಬಂದಿದ್ದು ತಾನೇ?"

ಅಮ್ಮ ಒಳಗಿನಿಂದ ಮುಯ್ಯಿ ಪುಸ್ತಕ ತಂದರು. ಯಾರ ಮದುವೆಯಲ್ಲಿ ಯಾರು ಏನು ಕೊಟ್ಟರು, ನಾವು ತಿರುಗಿ ಏನು ಮಾಡಿದೆವು ಎಂದು ಬರೆದಿಡುವ ಪುಸ್ತಕ. ಅದನ್ನು ಅವರು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ವಿಮಾನ ಹತ್ತಿದ್ದರು. "ಇಲ್ನೋಡಿ. ಈ ಸೀರೆಗೆ ನಾವು ಬೆಳ್ಳಿ ಬಟ್ಟಲು ಕೊಟ್ಟಿದ್ದೀವಿ. ಅಂದ್ಮೇಲೆ ಸೀರೆ ಬೆಲೆ ಬೆಳ್ಳಿ ಬಟ್ಟಲಿನದ್ದೇ ಅಲ್ವೇ?" ಅಪ್ಪ ಲೆಕ್ಕ ಹಾಕಿ, ಪ್ರತಿಯೊಂದರಲ್ಲೂ ನಷ್ಟವೇ ಆಗಿದೆ ಎಂದು ಸಂತೋಷಪಟ್ಟರು. ಆದರೂ 29ಕ್ಕೆ ನಿಲ್ಲಿಸು ಎಂದರು.

ಆ ಬೆಳ್ಳಿ ಬಟ್ಟಲಿನ ಸೀರೆ ಮಿಲ್ಟನ್ ಕೀನ್ಸ್ ಚಿಕ್ಕಮ್ಮ ಕೊಟ್ಟದ್ದು. ಅದನ್ನು 35 ಪೌಂಡಿಗೆ ಹಾಕಿದ ರಾತ್ರಿಯೇ ಅವರ ಫೋನು ಬಂತು. ಆಪಿನಲ್ಲಿ ಮೈಸೂರು ಸಿಲ್ಕ್ ಎಂದು ಹುಡುಕುವ ಅಭ್ಯಾಸ ಅವರಿಗೂ ಇತ್ತು. ಕೆಳಗೆ ಹಾಸಿದ ಜಮಖಾನೆಯೂ ಅವರೇ ಕೊಟ್ಟದ್ದಾದ್ದರಿಂದ ಮನೆ ಯಾರದೆಂದು ವಿಚಾರಿಸಬೇಕಾಗಿರಲಿಲ್ಲ.

ಮಾರಾಟಕ್ಕಿಟ್ಟದ್ದಕ್ಕೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ. "35 ಪೌಂಡಾ? ಏನಂದ್ಕೊಂಡಿದ್ದೀಯೋ? ಕೆಎಸ್‌ಐಸಿ ಸೀರೆ ಕಣೋ ಅದು! 1912ರಲ್ಲಿ ನಾಲ್ವಡಿ ಪ್ರಭುಗಳು ಶುರು ಮಾಡಿದ ಫ್ಯಾಕ್ಟರೀದು. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, ಮೇಲೆ ಚಿನ್ನ. ಸೆರಗಿನ ನಂಬರು ಯಾಕೆ ತೋರಿಸಿಲ್ಲ? ನಾನು ಕೊಟ್ಟಾಗ ಫೋಟೋ ವಾಟ್ಸಾಪ್ ಗುಂಪಿಗೆಲ್ಲ ಹಾಕಿದ್ದೆ. ಈಗ ಇದನ್ನ ನೋಡಿದವರು, ಇವಳು ಅಕ್ಕನ ಸೊಸೆಗೆ ಕೊಟ್ಟಿದ್ದು 35 ಪೌಂಡಿನ ಸೀರೆ ಅನ್ನಲ್ವಾ? 180 ಹಾಕು!"

ಹಾಕಿದೆವು. ಕೊಳ್ಳುವವರು ಮಾಯವಾದರು, ನೆಂಟರು ಕಾಣಿಸಿಕೊಂಡರು. ಮಲ್ಲೇಶ್ವರದ ಅತ್ತೆಗೆ ಸುದ್ದಿ ಮುಟ್ಟಿತು. "ಅವಳ ಸೀರೆ ಹಾಕಿದ್ದೀರಂತೆ, ನಂದ್ಯಾಕೆ ಹಾಕಿಲ್ಲ? ಉಡೋಕೂ ಲಾಯಕ್ಕಿಲ್ಲ, ಮಾರೋಕೂ ಲಾಯಕ್ಕಿಲ್ಲ ಅಂತಲಾ?" ಅವರದು 190ಕ್ಕೆ ಏರಿತು. ದಾವಣಗೆರೆ ದೊಡ್ಡಮ್ಮ ಜೊತೆಗಿದ್ದ ರವಿಕೆ ಕಣಕ್ಕೂ ಪ್ರತ್ಯೇಕ ಬೆಲೆ ಇಡಿಸಿದರು. ಸೀರೆಗಳ ಕೆಳಗೆ ಮೆಚ್ಚುಗೆಯ ಹೃದಯಗಳು ಸಾಲುಸಾಲಾಗಿ ಬಿದ್ದವು. ಒಂದೂ ಹೊರಗಿನವರದಲ್ಲ. ಅಮ್ಮ ಮುಯ್ಯಿ ಪುಸ್ತಕದಲ್ಲಿ ಹೊಸ ಕಾಲಂ ಎಳೆದರು: ಆಪಿನಲ್ಲಿ ಹಾಕಿದ ಬೆಲೆ. "ಮಾರಾಟವಾದರೆ ತಾನೇ ತೆರಿಗೆ?" ಎಂದು ಅಪ್ಪ ನಿಶ್ಚಿಂತರಾದರು.

ಯುಗಾದಿಗೆ ಮಿಲ್ಟನ್ ಕೀನ್ಸ್ ಚಿಕ್ಕಮ್ಮ ಮನೆಗೇ ಬಂದರು. ಹೋಳಿಗೆ ಮುಗಿಸಿ, ಕೈತೊಳೆದು, ಮೆಲ್ಲಗೆ ವಿಷಯಕ್ಕಿಳಿದರು.

"ಆ ಸೀರೆ ಇನ್ನೂ ಹೋಗಿಲ್ವಲ್ಲ, ನಂಗೇ ಕೊಟ್ಬಿಡಮ್ಮ. ಮುಂದಿನ ತಿಂಗಳು ನಮ್ಮ ಓರಗಿತ್ತಿ ಮಗಳ ಗೃಹಪ್ರವೇಶ. 180 ಪೌಂಡಿನ ಸೀರೆ ಅಂತ ಎಲ್ಲರಿಗೂ ಗೊತ್ತಾಗಿದೆ, ನಾನು ಬಾಯಿಬಿಟ್ಟು ಹೇಳೋ ಹಾಗೇ ಇಲ್ಲ."

ನನ್ನ ಹೆಂಡತಿ ದುಡ್ಡಿನ ಮಾತು ಹೇಗೆ ತೆಗೆಯುವುದೆಂದು ನನ್ನ ಮುಖ ನೋಡುವಷ್ಟರಲ್ಲಿ ಚಿಕ್ಕಮ್ಮ ಕೈಚೀಲದಿಂದ ಇನ್ನೊಂದು ಸೀರೆ ತೆಗೆದು, ಮೇಲೆ ಎಲೆ ಅಡಿಕೆ ಇಟ್ಟು, ಅವಳ ಉಡಿಗೆ ಹಾಕಿದರು. ಮೂಲೆಯಲ್ಲಿ ಅರಿಶಿನ ಇನ್ನೂ ಹಸಿಯಾಗಿತ್ತು. ಅವಳು ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಜಮಖಾನೆ ಹಾಸಿ, ಫೋನು ಕೈಗೆತ್ತಿಕೊಂಡಳು.

"ಇದಕ್ಕ ಎಷ್ಟ ಹಾಕ್ಲಿರಿ ಚಿಕ್ಕತ್ತಿ?"

"200ಕ್ಕಿಂತ ಕಡಿಮೆ ಬೇಡ" ಎಂದರು ಚಿಕ್ಕಮ್ಮ, "ಮಲ್ಲೇಶ್ವರದವಳದು 190 ಇದೆ."