ಲೈಕ್ರಾಧಾರಿಗೆ ಸನ್ಮಾನ

ಮಾನ್ಯ ಅಧ್ಯಕ್ಷರೇ, ವೇದಿಕೆ ತುಂಬಿ ಕೆಳಗೂ ಕೂತಿರುವ ಗಣ್ಯರೇ, ಶಿಕಾರಿಪುರ, ಸೊರಬ ಉಭಯ ತಾಲ್ಲೂಕುಗಳ ಪಂಚೆ, ಲುಂಗಿ ಮತ್ತು ಚೂಡಿದಾರದ ಸವಾರರೇ,

ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬಂದ ಈ ಮಹನೀಯರನ್ನು ಅಭಿನಂದಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಪೆಡಲಿಗೆ ಕಚ್ಚಿಕೊಳ್ಳುವ ಬೂಟಿನಲ್ಲಿ ಅವರು ಹುಚ್ಚರಾಯಸ್ವಾಮಿ ದೇವಸ್ಥಾನದ ಮುಂದೆ ಟಕಟಕ ಎಂದು ನಡೆದು ಬಂದಾಗ ಭಕ್ತರು ಕುದುರೆಯೇ ಬಂತೆಂದು ದಾರಿ ಬಿಟ್ಟರು.

ಬಟ್ಟೆಯ ವಿಚಾರದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉಟ್ಟಿದ್ದನ್ನೇ ಬೇಡವೆಂದು ಕಲ್ಯಾಣಕ್ಕೆ ನಡೆದ ಅಕ್ಕಮಹಾದೇವಿ ಇದೇ ತಾಲ್ಲೂಕಿನ ಉಡುತಡಿಯವಳು. ಹಾಗಿದ್ದೂ ಅತಿಥಿಗಳ ಚಡ್ಡಿ ಕಂಡು ಶಿರಾಳಕೊಪ್ಪದ ಹೋಟೆಲಿನಲ್ಲಿ ದೋಸೆ ಮುರಿಯುತ್ತಿದ್ದ ಕೈಗಳು ಅರ್ಧಕ್ಕೇ ನಿಂತವು. ಅದಕ್ಕಾಗಿ ಕ್ಷಮೆ ಕೋರುತ್ತೇನೆ.

ಅವರು ಕಾಫಿಗೆ ಹೋದಾಗ ನಾನು ಸೈಕಲ್ಲನ್ನು ಬಗ್ಗಿ ಪರೀಕ್ಷಿಸಿದೆ. ಅದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಸೀಟಿಗೆ ಸ್ಪ್ರಿಂಗ್ ಇಲ್ಲ. ಆ ಮೆತ್ತೆ ಚಡ್ಡಿಯೊಳಗೆ ಸೇರಿದೆ. ಹಿಂದೆ ಅಲ್ಲಿ ಚರ್ಮ ಹೊಲಿಯುತ್ತಿದ್ದರು, ಈಗ ಸ್ಪಂಜು. ಕ್ಯಾರಿಯರ್ ಇಲ್ಲ, ಬದಲಿಗೆ ಅಂಗಿಯ ಬೆನ್ನಿಗೆ ಮೂರು ಜೇಬು, ಒಂದರಲ್ಲಿ ಅರ್ಧ ಕಪ್ಪಾದ ಬಾಳೆಹಣ್ಣು. ಮಡ್‌ಗಾರ್ಡ್ ಇಲ್ಲ, ಮಳೆಗಾಲದಲ್ಲಿ ಬಂದರೆ ಸೊರಬದ ಕೆಸರು ಸೊಂಟದಿಂದ ಕುತ್ತಿಗೆವರೆಗೆ ನೇರ ಗೆರೆ ಎಳೆಯುತ್ತದೆ. ಚೈನ್ ಕವರ್ ಇಲ್ಲ. ಜೋಲುವ ಬಟ್ಟೆ ಹಾಕಿದರೆ ಚೈನೇ ಅದನ್ನು ಉಟ್ಟುಕೊಳ್ಳುತ್ತದೆ. ಆದ್ದರಿಂದ ಲೈಕ್ರಾ. ಅದರ ನೂಲನ್ನು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು ಹೆಂಗಸರ ಒಳ ಉಡುಪಿನ ರಬ್ಬರಿಗೆ ಬದಲಿಯಾಗಿ. ಸಭೆಯಲ್ಲಿ ಹಿರಿಯರಿದ್ದಾರೆ, ಇಷ್ಟಕ್ಕೇ ಬಿಡುತ್ತೇನೆ.

ಹೀಗೆ ಸೈಕಲ್ಲಿನಿಂದ ಕಳಚಿದ್ದನ್ನೆಲ್ಲ ಮೈಮೇಲೆ ಹೊತ್ತು, ಅದಕ್ಕೆ ಬೇರೆ ದುಡ್ಡನ್ನೂ ಕೊಟ್ಟ ತ್ಯಾಗಿಗಳು ಇವರು! ಚಪ್ಪಾಳೆ!

ನಮ್ಮವರೇನೂ ಕಮ್ಮಿಯಿಲ್ಲ. ಹೆಲ್ಮೆಟ್ ಕಂಡು ಹಲ್ಲು ಕಿರಿಯುವ ನಾವು, ಹರ್ಕ್ಯುಲಿಸ್ಸಿನ ಹ್ಯಾಂಡಲಿಗೆ ಎರಡು ಚೀಲ, ಕ್ಯಾರಿಯರಿಗೆ ಅಡಿಕೆ ಮೂಟೆ, ಬಾರಿನ ಮೇಲೆ ಮೊಮ್ಮಗ, ಇಷ್ಟೂ ಹೇರಿಕೊಂಡು ಬ್ರೇಕಿನ ಕೆಲಸವನ್ನು ಹವಾಯಿ ಚಪ್ಪಲಿಗೆ ಒಪ್ಪಿಸಿದವರು.

ಆದರೆ ಸವಾರಿಯ ಉಡುಪಿಗೆ ಬಹುಮಾನ ಕೊಡುವುದಾದರೆ ನನ್ನ ಮತ ಅತಿಥಿಗಳಿಗೂ ಇಲ್ಲ, ನಮ್ಮವರಿಗೂ ಇಲ್ಲ. 2006-07ರಲ್ಲಿ, ಆಗ ಶಿಕಾರಿಪುರದ ಶಾಸಕರಾಗಿದ್ದ ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ, 8ನೇ ತರಗತಿಯ ಮಕ್ಕಳಿಗೆ ಸರ್ಕಾರಿ ಸೈಕಲ್ ಬಂತಲ್ಲ, ಆ ಸೈಕಲ್ ಏರಿದ ಹುಡುಗಿಯರನ್ನು ನೋಡಿ. ವೇಲನ್ನು ಹೆಗಲಿನಿಂದ ಅಡ್ಡ ಹಾಯಿಸಿ, ಸೊಂಟದ ಪಕ್ಕ ಗಂಟು ಬಿಗಿದು, ಮೇಲೊಂದು ಪಿನ್ನು. ಸ್ಪೋಕಿಗೆ ಸಿಕ್ಕುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಶಾಲೆಯ ಗೇಟಿನಲ್ಲಿ ಗಂಟು ಬಿಚ್ಚಿದರೆ ಅದೇ ಯೂನಿಫಾರಂ. ಯಾವ ಕಂಪನಿಯೂ ಆ ಗಂಟಿಗೆ ತನ್ನ ಹೆಸರು ಹಚ್ಚಿಲ್ಲವಾದ್ದರಿಂದ ಬೆಲೆಯೂ ಏರಿಲ್ಲ.

ಇರಲಿ, ಸನ್ಮಾನಕ್ಕೆ ಬರೋಣ. ಮೈಸೂರು ಪೇಟ ಹೆಲ್ಮೆಟ್ಟಿನ ಮೇಲೆ ಕೂರುತ್ತಿಲ್ಲ; ಅಧ್ಯಕ್ಷರು ಕೈಯಲ್ಲೇ ಹಿಡಿದಿರಲಿ. ಶಾಲನ್ನು ಫೋಟೋ ತೆಗೆದ ಕೂಡಲೇ ವಾಪಸ್ ಪಡೆಯಲಾಗುವುದು, ಚಕ್ರದ ಭಯ. ಹಣ್ಣಿನ ಬುಟ್ಟಿಯನ್ನೂ ಸೊರಬದ ಗುಡಿಗಾರರು ಕೆತ್ತಿದ ಗಂಧದ ಗಣಪತಿಯನ್ನೂ ಕಟ್ಟಿ ಕಳಿಸೋಣವೆಂದರೆ ಸೈಕಲ್ಲಿನಲ್ಲಿ ಜಾಗವಿಲ್ಲ. ಹಣ್ಣನ್ನು ಸಮಿತಿಯವರು ಹಂಚಿಕೊಳ್ಳುತ್ತಾರೆ, ಗಣಪತಿ ಅಧ್ಯಕ್ಷರ ಮನೆಯಲ್ಲಿ ಕ್ಷೇಮವಾಗಿರುತ್ತಾನೆ. ಮಹನೀಯರು ಮುಂದಿನ ಸಲ ದಯವಿಟ್ಟು ಕ್ಯಾರಿಯರ್ ಹಾಕಿಸಿಕೊಂಡು ಬರಬೇಕು.