ಸವರುವವರಲ್ಲಿ ಒಂದು ವಿನಂತಿ

ರಿಮೋಟಿನ ಗುಂಡಿಗಳನ್ನು ಕಿತ್ತು, ಆ ಜಾಗಕ್ಕೆ ನುಣ್ಣನೆಯ ಗಾಜು ಕೂರಿಸಿ, ಬೆರಳಲ್ಲಿ ಸವರಿ ಟಿ.ವಿ. ನೋಡಿ ಎನ್ನುತ್ತಿದ್ದಾರೆ ಏಸಿ ಕೋಣೆಯ ಪಂಡಿತರು. ಎಡಕ್ಕೆ ಸವರಿದರೆ ಒಂದು, ಬಲಕ್ಕೆ ಸವರಿದರೆ ಇನ್ನೊಂದು. ಔರಾದದವರಿಗೆ ಇದನ್ನೇನು ಹೇಳಿಕೊಡುತ್ತೀರಿ? ಎಡಕ್ಕೆ ಸರಿದರೆ ಉದಗೀರ, ಮರಾಠಿ. ಬಲಕ್ಕೆ ಸರಿದರೆ ನಾರಾಯಣಖೇಡ, ತೆಲುಗು. ಮೇಲಕ್ಕೆ ದೇಗಲೂರು, ಮತ್ತೆ ಮರಾಠಿ. ಕೆಳಕ್ಕೆ ಬೀದರ್, ಅಲ್ಲಿ ಕನ್ನಡವೂ ಉಂಟು, ಉರ್ದುವೂ ಉಂಟು. ಕರ್ನಾಟಕದ ಉತ್ತರದ ತುದಿಯಲ್ಲಿರುವ ಈ ತಾಲ್ಲೂಕಿನಲ್ಲಿ ಬೆರಳು ಒಂದಿಷ್ಟು ಜಾರಿದರೆ ಚಾನಲ್ ಅಲ್ಲ, ರಾಜ್ಯವೇ ಬದಲಾದೀತು.

ಗಾಜಿಗೆ ಬೆರಳಿನ ವಿಷಯದಲ್ಲಿ ಬಹಳ ಮಡಿ. ಒದ್ದೆಯಿದ್ದರೆ ಗಲಿಬಿಲಿ, ಒಣಗಿ ದಡ್ಡುಗಟ್ಟಿದ್ದರೆ ಗುರುತೇ ಇಲ್ಲ. ತೊಗರಿ ಕೊಯ್ದು ಬಂದ ಕೈ, ಜೋಳದ ಹಿಟ್ಟು ಮೆತ್ತಿದ ಕೈ ಅದರ ಲೆಕ್ಕದಲ್ಲಿ ಕೈಗಳೇ ಅಲ್ಲ. ಗುಂಡಿಗೆ ಈ ಭೇದವಿಲ್ಲ. ರೊಟ್ಟಿ ಬಡಿಯುವ ಅವ್ವ ಮೊಣಕೈಯಿಂದ ಒತ್ತಿದರೂ ಧಾರಾವಾಹಿಯ ದನಿ ಏರುತ್ತದೆ. ಕರಿಕತ್ತಲಲ್ಲೂ ಮುತ್ಯಾನ ಹೆಬ್ಬೆರಳು ಐದರ ಮೇಲಿನ ಚುಕ್ಕಿ ಹುಡುಕಿಕೊಂಡು, ಅಲ್ಲಿಂದ ಎಂಟಕ್ಕೋ ಒಂಬತ್ತಕ್ಕೋ ದಾರಿ ಹಿಡಿಯುತ್ತದೆ. ಗಾಜಿನ ಮೇಲೆ ಯಾವ ಚುಕ್ಕಿ?

ಇನ್ನು ಸನ್ನೆಗಳ ಮಾತು. ಅವು ನಮ್ಮಲ್ಲಿ ಎಂದೋ ಬಳಕೆಗೆ ಬಂದಿವೆ. ರಿಮೋಟನ್ನು ಅಂಗೈಗೆ ಎರಡು ಸಲ ಬಡಿಯುವುದು, ಸೆಲ್ಲನ್ನು ಹಲ್ಲಲ್ಲಿ ಕಚ್ಚುವುದು, ಬಿಸಿಲಿಗಿಡುವುದು, ಮುಚ್ಚಳ ಕಳೆದುಹೋದಲ್ಲಿ ರಬ್ಬರ್ ಬ್ಯಾಂಡ್ ಸುತ್ತುವುದು. ಈ ವಿದ್ಯೆಗೆ ಯಾರೂ ಪೇಟೆಂಟ್ ಕೇಳಿಲ್ಲ.

ಹೊಸ ರಿಮೋಟ್ ಬಂದ ಮನೆಯಲ್ಲಿ ಮಾತು ಹೀಗೆ ನಡೆದೀತು:

“ಏ ತಮ್ಮಾ, ಸೆಲ್ ಜರಾ ತಿರುಗ್ಸಿ ಹಾಕು.”

“ಮುತ್ಯಾ, ಇದಕ್ಕ ಸೆಲ್ ಇಲ್ಲ. ಚಾರ್ಜಿಗಿ ಹಚ್ಚಬೇಕು.”

“ಅಂದ್ರ, ಟಿ.ವಿ. ಹಚ್ಚಲಕ್ಕ ಮೊದಲ ರಿಮೋಟ್ ಹಚ್ಚಬೇಕೇನು?”

ಮುತ್ಯಾನ ಈ ತಕರಾರು ಅಮೆರಿಕದ ಜೆನಿತ್ ಕಂಪನಿಗೆ ಎಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು. 1955ರಲ್ಲಿ ಯೂಜೀನ್ ಪಾಲಿ ಬೆಳಕಿನ ರಿಮೋಟ್ ಮಾಡಿದ; ಕಿಟಕಿಯಿಂದ ಬಿಸಿಲು ಬಿದ್ದರೂ ಟಿ.ವಿ. ಅದನ್ನೇ ಅಪ್ಪಣೆ ಎಂದುಕೊಳ್ಳುತ್ತಿತ್ತು. (ಔರಾದದ ಮೇ ತಿಂಗಳಲ್ಲಾಗಿದ್ದರೆ ಸೂರ್ಯನೇ ಮನೆಯ ಯಜಮಾನ.) ಮರುವರ್ಷ ರಾಬರ್ಟ್ ಆಡ್ಲರ್ ಸೆಲ್ಲೇ ಬೇಡದ ರಿಮೋಟ್ ತಂದ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಕಿವಿಗೆ ಕೇಳದ ಆ ದನಿ ಟಿ.ವಿ.ಗೆ ಕೇಳುತ್ತಿತ್ತು. ಸೆಲ್ ಯಾಕೆ ಬೇಡ? ಅದು ಸತ್ತರೆ ಗಿರಾಕಿ ಟಿ.ವಿ.ಯೇ ಕೆಟ್ಟಿತು ಅಂದುಕೊಂಡಾನು ಎಂದು. ಆಗಿನವರು ಗಿರಾಕಿಯನ್ನು ನೋಡಿ ಯಂತ್ರ ಮಾಡಿದರು. ಈಗಿನವರು ತಮ್ಮ ಹೆಬ್ಬೆರಳನ್ನು ನೋಡಿ ಮಾಡುತ್ತಾರೆ.

ಹಳ್ಳಿಯವರಿಗೆ ತಿಳಿಯದು ಬಿಡಿ ಅನ್ನುವವರು ಸ್ವಿಟ್ಜರ್ಲೆಂಡಿಗೆ ಹೋಗಿಬರಲಿ. ಆ್ಯಪಲ್ 2015ರಲ್ಲಿ ಸವರುವ ರಿಮೋಟ್ ಕೊಟ್ಟಿತು. ಕತ್ತಲಲ್ಲಿ ತಲೆ ಯಾವುದು ಬಾಲ ಯಾವುದು ತಿಳಿಯದೆ ಜನ ತಿರುವುಮುರುವಾಗಿ ಹಿಡಿದರು. 2019ರಲ್ಲಿ ಅಲ್ಲಿನ ಸಾಲ್ಟ್ ಕಂಪನಿ ಗಿರಾಕಿಗಳ ಗೊಣಗು ಕೇಳಲಾರದೆ ತಾನೇ ಗುಂಡಿಯ ರಿಮೋಟ್ ಮಾಡಿ ಕೊಟ್ಟಿತು. 2021ರಲ್ಲಿ ಆ್ಯಪಲ್ ಕೂಡ ಹೊಸ ರಿಮೋಟಿಗೆ ಒತ್ತುವ ದಿಕ್ಕಿನ ಗುಂಡಿಗಳನ್ನು ಕೂರಿಸಿತು. ಸವರುವುದನ್ನೂ ಬಿಡಲಿಲ್ಲ, ಮಾನದ ಪ್ರಶ್ನೆ.

ಬೆಂಗಳೂರಿನ ವಿನ್ಯಾಸಕಾರರೇ, ಔರಾದ ನಿಮಗೆ ಸುಮಾರು 700 ಕಿಲೋಮೀಟರ್. ಬರಲಾಗದಿದ್ದರೆ ಬೇಡ, ಸವರುವುದಿದ್ದರೆ ಸವರಿಕೊಳ್ಳಿ. ದನಿಯ ಎರಡು ಗುಂಡಿ, ಆರಿಸುವ ಒಂದು ಗುಂಡಿ, ಐದರ ಮೇಲಿನ ಆ ಚುಕ್ಕಿ, ಇಷ್ಟಕ್ಕೆ ಮಾತ್ರ ಕೈ ಹಚ್ಚಬೇಡಿ.